ಗೋದಲಿಯಲ್ಲಿ ಮಲಗಿದ ಮರಿಯಮ್ಮ

ಕೈಕಟ್ಟಿ ನಿಂತವರನ್ನು ಕಂಡರೆ ಡುಲ್ಸಿನ್‌ಗೆ ಆಗುತ್ತಿರಲಿಲ್ಲ. ಎಂಟು ಮಕ್ಕಳ ಮನೆಯ ಹಿರಿಯ ಮಗಳು. ತಾಯಿಯ ನಾಲ್ಕು ಬಾಣಂತನಗಳನ್ನೂ ಆಮೇಲೆ ತಂಗಿಯರದ್ದನ್ನೂ ಮಾಡಿ ಮುಗಿಸುವಷ್ಟರಲ್ಲಿ ಅವಳ ಮದುವೆಯ ವಿಷಯ ಮನೆಯವರಿಗೆ ಮರೆತೇಹೋಗಿತ್ತು. ಅವಳಿಗೂ ಅದು ಅಷ್ಟಾಗಿ ನೆನಪಾಗಲಿಲ್ಲ. ಲೋಕದಲ್ಲಿ ಇರುವುದು ಎರಡೇ ಬಗೆಯ ಜನ ಎಂದು ಅವಳು ತೀರ್ಮಾನಿಸಿದ್ದಳು: ನೀರು ಕಾಯಿಸುವವರು ಮತ್ತು ಬಾಗಿಲಿಗೆ ಅಡ್ಡ ನಿಲ್ಲುವವರು.

ಉದ್ಯಾವರದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಅವಳಿಗೆ ಮಣ್ಣು ಹೊರುವ ಕೆಲಸ. ಊಟದ ಬಿಡುವಿನಲ್ಲಿ ಉಳಿದ ಮಣ್ಣಿನಿಂದ ಬೊಂಬೆ ಮಾಡುತ್ತಿದ್ದಳು. ಮೊಟ್ಟೆಗೆ ಕೂತ ಹೇಂಟೆ, ಟಿಕೆಟು ಹರಿಯುವ ಕಂಡಕ್ಟರ್, ಬಟ್ಟೆ ಹಿಂಡುವ ಹೆಂಗಸು. ಅವಳ ಬೊಂಬೆಗಳಲ್ಲಿ ಒಂದಕ್ಕಾದರೂ ಪುರುಸೊತ್ತಿರಲಿಲ್ಲ.

೧೯೭೭ರ ಮಳೆಗಾಲದಲ್ಲಿ ಅವಳ ಊರಿನ ಸಣ್ಣ ಇಗರ್ಜಿಯ ಕಪಾಟಿಗೆ ಗೆದ್ದಲು ಹಿಡಿದು ಹಲಗೆ ಕುಸಿಯಿತು. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಕ್ರಿಸ್‌ಮಸ್‌ಗೆ ಬೊಂಬೆಗಳಿಂದ ಕಟ್ಟುತ್ತಾರಲ್ಲ, ಆ ಗೋದಲಿಯ ಪ್ರತಿಮೆಗಳೆಲ್ಲ ಅದರಲ್ಲಿದ್ದವು. ಯೇಸುವಿನ ತಾಯಿ ಮರಿಯಮ್ಮನ ತಲೆ ಹೋಯಿತು, ಗಂಡ ಜೋಸೆಫರು ಎರಡು ತುಂಡಾದರು, ಉಳಿದದ್ದು ಒಂದು ದನ ಮಾತ್ರ. ಆಗಷ್ಟೇ ವರ್ಗವಾಗಿ ಬಂದಿದ್ದ ಫಾದರ್ ಸಿಲ್ವೆಸ್ಟರ್ ಡುಲ್ಸಿನ್‌ಗೆ ಹೇಳಿಕಳಿಸಿದರು.

"ಹೊಸತು ಎಂತದೂ ಬೇಡ, ಹಳೆಯದರ ಹಾಗೆಯೇ ಇದ್ದರೆ ಸಾಕು," ಎಂದರು.

"ಆಯಿತು ಫಾದರ್," ಎಂದಳು ಡುಲ್ಸಿನ್. ಅವಳ "ಆಯಿತು" ಎಂಬ ಮಾತಿಗೆ ಏನರ್ಥವೆಂದು ಊರಿಗೆಲ್ಲ ಗೊತ್ತಿತ್ತು. ಫಾದರ್ ಊರಿಗೆ ಹೊಸಬರು.

ಆದರೂ ಅವಳು ಮೊದಲು ಹೇಳಿದ ಹಾಗೆಯೇ ಮಾಡಿದಳು. ಮೊಣಕಾಲೂರಿ, ಕೈಮುಗಿದು, ಮಗುವನ್ನು ನೋಡುವ ಮರಿಯಮ್ಮ. ಮಾಡಿ ಮುಗಿಸಿದ ಮೇಲೆ ಎರಡು ದಿನ ಅದರತ್ತ ನೋಡುವುದೇ ಬೇಡವಾಯಿತು. ಏನು ತಪ್ಪಿದೆ ಎಂದು ಮಾತ್ರ ಹೊಳೆಯಲಿಲ್ಲ. ಮೂರನೆಯ ದಿನ ರಾಬಿಯಾ ಬಂದಳು. ಕಾರ್ಖಾನೆಯಲ್ಲಿ ಇವಳ ಜೊತೆ ಕೆಲಸ ಮಾಡುತ್ತಿದ್ದ ರಾಬಿಯಾ ಆ ವರ್ಷವಷ್ಟೇ ನಾಲ್ಕನೆಯ ಮಗುವನ್ನು ಹೆತ್ತಿದ್ದಳು.

"ಇವರು ಯಾರು?"

"ಮರಿಯಮ್ಮ. ಈಗಷ್ಟೇ ಹೆರಿಗೆ ಆದದ್ದು."

"ಹೆತ್ತವರನ್ನು ಹೀಗೆ ಮೊಣಕಾಲ ಮೇಲೆ ಕೂರಿಸಿದ್ದು ಎಂತಕ್ಕೆ? ಮಲಗಿಸು ಮಾರಾಯ್ತಿ, ಪಾಪ. ನಮ್ಮಲ್ಲೂ ಮರ್ಯಮ್ ಬೀವಿಯ ಕಥೆ ಉಂಟು. ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಹೋದರು ಅಂತ."

ಡುಲ್ಸಿನ್ ಬೊಂಬೆಯನ್ನು ಮುದ್ದೆ ಮಾಡಿ ನೀರು ಚಿಮುಕಿಸಿದಳು.

ಆಮೇಲೆ ಕೈ ನಿಲ್ಲಲಿಲ್ಲ. ಮರಿಯಮ್ಮ ಚಾಪೆಯ ಮೇಲೆ ಮಗ್ಗುಲಾಗಿ, ತೋಳನ್ನೇ ದಿಂಬು ಮಾಡಿಕೊಂಡು, ಬಾಯಿ ತುಸು ತೆರೆದು ಮಲಗಿದಳು. ಜೋಸೆಫರು ಒಂದು ತೋಳಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಊದುಕೊಳವೆ ಹಿಡಿದು ಒಲೆ ಊದತೊಡಗಿದರು. ಮಗುವನ್ನು ನೋಡಲು ಬಂದ ಕುರುಬರಲ್ಲಿ ಒಬ್ಬ ನೀರು ತಂದ, ಇನ್ನೊಬ್ಬ ಮಗುವಿನ ಬಟ್ಟೆಗೆ ಬಾಯಿ ಹಾಕುತ್ತಿದ್ದ ಕರುವನ್ನು ಎಳೆದ. ಮೂರನೆಯವನು ಕೈಕಟ್ಟಿ ಬಾಗಿಲಿಗೆ ಅಡ್ಡ ನಿಂತ. ಅಂಥವನೊಬ್ಬ ಇಲ್ಲದ ಮನೆ ಎಲ್ಲಿದೆ? ಅವನ ಮುಖ ಅವಳ ತಮ್ಮ ಡೆನಿಸನ ಮುಖದ ಹಾಗೇ ಇತ್ತು. ಎಲ್ಲವನ್ನೂ ಹಂಚು ಸುಡುವ ಗೂಡಿನಲ್ಲಿ ಒಂದು ಮೂಲೆ ಕೇಳಿ ಸುಡಿಸಿದಳು.

ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ ಬೆಳಿಗ್ಗೆ ಬುಟ್ಟಿ ಹೊತ್ತು ಇಗರ್ಜಿಗೆ ಹೋದಳು. ಫಾದರ್ ಸಿಲ್ವೆಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಡುಲ್ಸಿನ್ ಬಾಯಿ, ಮಾತೆ ಮಲಗಿದ್ದಾರೆ."

"ಹೌದು ಫಾದರ್. ನಿದ್ದೆ ಬಂದಿದೆ."

"ದೇವರ ಮಗ ಹುಟ್ಟಿದ ಹೊತ್ತಿನಲ್ಲಿ ನಿದ್ದೆಯಾ?"

"ನಜರೇತಿನಿಂದ ಕತ್ತೆಯ ಮೇಲೆ ಬಂದದ್ದಲ್ವಾ ಫಾದರ್? ನಿಮ್ಮ ಅಮ್ಮ ನಿನ್ನೆ ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಇನ್ನೂ ಸೊಂಟ ಹಿಡಿದುಕೊಂಡಿದ್ದಾರೆ."

ಫಾದರ್‌ಗೆ ನಗು ಬರಲಿಲ್ಲ. ಜನ ಏನೆಂದಾರು, ಬಿಷಪರ ಕಿವಿಗೆ ಬಿದ್ದರೆ ಏನು ಗತಿ ಎಂದೆಲ್ಲ ಹೇಳಿ, ಬುಟ್ಟಿಗೆ ಬಟ್ಟೆ ಮುಚ್ಚಲು ಹೇಳಿದರು. ಡುಲ್ಸಿನ್ ಮುಚ್ಚಲಿಲ್ಲ. ಮುಖ ಮಾತ್ರ ಸಣ್ಣದಾಯಿತು. ಅಷ್ಟರಲ್ಲಿ ಫಾದರ್ ಅವರ ತಾಯಿ ಆಂಜೆಲಾ ಸೊಂಟ ಹಿಡಿದುಕೊಂಡೇ ಬಂದರು. ಬಗ್ಗಲಾಗದೆ ಮುಂದಿನ ಬೆಂಚಿನಲ್ಲಿ ಕೂತು, ಬೊಂಬೆಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ನೋಡಿದರು. ಊರವರೆದುರು ಅವರೂ ಮಗನನ್ನು "ಫಾದರ್" ಎಂದೇ ಕರೆಯುತ್ತಿದ್ದರು. ಆ ದಿನ ಮರೆತರು.

"ಪುತಾ, ನಿನ್ನನ್ನು ಹೆತ್ತ ಮೇಲೆ ಮೂರು ದಿನ ನನಗೆ ಕಣ್ಣು ಬಿಡಲಾಗಲಿಲ್ಲ. ನಿನ್ನ ಅಪ್ಪ ಊರಿಗೆಲ್ಲ ಸಿಹಿ ಹಂಚುತ್ತೇನೆಂದು ಹೋದವರು, ಬಂದದ್ದು ಊಟದ ಹೊತ್ತಿಗೆ. ಈ ಜೋಸೆಫರನ್ನು ನೋಡು, ಒಲೆ ಊದುತ್ತಾರೆ."

ತಾಯಿಯೊಂದಿಗೆ ತರ್ಕ ಮಾಡುವುದನ್ನು ಸೆಮಿನರಿಯಲ್ಲಿ ಕಲಿಸಿರಲಿಲ್ಲ. ಫಾದರ್ ಹುಲ್ಲು ತರಿಸಿದರು.

ಆ ಕ್ರಿಸ್‌ಮಸ್‌ನಲ್ಲಿ ಗೋದಲಿಯ ಮುಂದೆ ಹೆಂಗಸರ ಗುಂಪು ಕದಲಲೇ ಇಲ್ಲ. ಗಂಡಸರು ಯಾಕೋ ಬೇಗ ಬೇಗ ನೋಡಿ ಮುಂದೆ ಹೋದರು. ಡೆನಿಸ್ ಮಾತ್ರ ಮೂರನೆಯ ಕುರುಬನನ್ನು ನೋಡಿ, "ಎಂತ ಸೋಮಾರಿ ಇವ," ಎಂದು ಹೊಟ್ಟೆ ಹಿಡಿದು ನಕ್ಕ. ಫಾದರ್ ಪ್ರವಚನದಲ್ಲಿ ದಣಿದ ತಾಯಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರು. ಎಲ್ಲವೂ ತಮಗೇ ಹೊಳೆದದ್ದೆಂಬ ಧಾಟಿಯಲ್ಲಿ.

ಆಮೇಲೆ ಕಾಪುವಿನಿಂದ, ಪೆರ್ಡೂರಿನಿಂದ ಜನ ಡುಲ್ಸಿನ್‌ಳನ್ನು ಹುಡುಕಿಕೊಂಡು ಬರತೊಡಗಿದರು. ಮಣಿಪಾಲದ ಉಪನ್ಯಾಸಕರೊಬ್ಬರು ನೋಟ್‌ಬುಕ್ ಹಿಡಿದು ಬಂದು, ಕಲೆಯ ಬಗ್ಗೆ ಅವಳ ಅಭಿಪ್ರಾಯ ಏನೆಂದು ಕೇಳಿದರು.

"ನೋಡಿದ್ದನ್ನು ಮಾಡುವುದು ಸಾರ್," ಎಂದಳು. ಅವರು ಇನ್ನಷ್ಟಕ್ಕೆ ಕಾದದ್ದನ್ನು ಕಂಡು, ಕೈ ಖಾಲಿ ಇದ್ದರೆ ಸ್ವಲ್ಪ ಮಣ್ಣು ನಾದಿಕೊಡಿ ಎಂದಳು. ಉಪನ್ಯಾಸಕರು ಅಂಗಿಯ ತೋಳು ಮಡಚಿ ನಾದಿದರು.

೧೯೮೩ರಲ್ಲಿ ಗೋದಲಿಗೆ, ಮಗುವಿಗೆ ಕಾಣಿಕೆ ತಂದ ಮೂವರು ರಾಜರನ್ನು ಸೇರಿಸುವ ಮಾತು ಬಂತು. ಡುಲ್ಸಿನ್ ಮೂವರ ಜೊತೆಗೆ ಇನ್ನೊಬ್ಬ ಹೆಂಗಸನ್ನೂ ಮಾಡಿ ತಂದಳು. ಆ ಹೆಂಗಸು ಮೆಟ್ಟುಕತ್ತಿಯ ಮುಂದೆ ಕೂತು ಮೀನು ಕೊಯ್ಯುತ್ತಿದ್ದಳು.

"ಇದು ಯಾರು, ಡುಲ್ಸಿನ್ ಬಾಯಿ?" ಎಂದು ಫಾದರ್ ಈಗಾಗಲೇ ಸೋತ ಸ್ವರದಲ್ಲಿ ಕೇಳಿದರು.

"ಮೂರು ಜನ ದೂರದಿಂದ ಬಂದಿದ್ದಾರೆ ಫಾದರ್. ಊಟಕ್ಕೆ ಎಂತಾದರೂ ಬೇಡವಾ?"

"ಬೆತ್ಲೆಹೇಮಿನಲ್ಲಿ ಬಂಗುಡೆ ಎಲ್ಲಿ ಸಿಗ್ತದೆ?"

"ಮಲ್ಪೆಯಿಂದ ತಂದದ್ದು," ಎಂದು ಹೇಳಿ ಡುಲ್ಸಿನ್ ಆ ಹೆಂಗಸಿಗೆ ಒಲೆಯ ಹತ್ತಿರವೇ ಜಾಗ ಮಾಡಿದಳು.