ಗಣಿತದ ಮೋರಪಂಖಿ

ಬಾಗಿಲಿನ ಎರಡೂ ಬದಿಗೆ ಸರಿಸಮನಾಗಿ ಏನಾದರೊಂದು ಇರದಿದ್ದರೆ ನನಗೆ ಆ ಮನೆಯೊಳಗೆ ಕಾಲಿಡುವ ಮನಸ್ಸಾಗುವುದಿಲ್ಲ. ಇದು ಗಣಿತ ಮಾಸ್ತರನ ರೋಗ, ಔಷಧವಿಲ್ಲ. ಐವತ್ತರ ದಶಕದ ಕೊನೆಗೆ ವಿಜಾಪುರದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕು ಕೋಟೆಗೋಡೆಯ ಪಕ್ಕದ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಾಗ ಅಂಗಳ ನೋಡಿ ನನಗೆ ದುಃಖವೇ ಆಯಿತು. ಬಾಗಿಲಿನ ಎಡಕ್ಕೊಂದು ಕಲ್ಲು ಬಿದ್ದಿತ್ತು, ಬಲಕ್ಕೆ ಅದೂ ಇರಲಿಲ್ಲ.

ನನ್ನ ಸಂಕಟ ಕಂಡು ಚಿತ್ರಕಲೆಯ ಮುಲ್ಲಾ ಮಾಸ್ತರರು ಪುಣೆಯಿಂದ ಎರಡು ಮೋರಪಂಖಿ ಸಸಿ ತಂದುಕೊಟ್ಟರು. ಕೈಮುಗಿದು ನಿಂತಂಥ ಚಪ್ಪಟೆ ಎಲೆ, ಕೆಳಗೆ ಅಗಲ, ಮೇಲೆ ಚೂಪು. ದೇವರು ಅಪರೂಪಕ್ಕೆ ಕೈವಾರ ಹಿಡಿದು ಮಾಡಿದ ಗಿಡ. "ಮಾಸ್ತರ, ಬ್ಯಾಸಿಗ್ಯಾಗೂ ಹಸರ ಬಿಡೂದಿಲ್ರಿ ಇದು" ಎಂದರು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಮಳೆ ಬೀಳುವತನಕ ನೆಲ, ಗೋಡೆ, ಎಮ್ಮೆ ಎಲ್ಲ ಒಂದೇ ಬಣ್ಣಕ್ಕೆ ತಿರುಗುವ ನಮ್ಮೂರಿನಲ್ಲಿ ಇದು ನಂಬುವ ಮಾತಾಗಿರಲಿಲ್ಲ. ಆದರೂ ನೆಟ್ಟೆ.

ನಿತ್ಯ ಹಸಿರೆಂದರೆ ಎಲೆ ಉದುರದ ಗಿಡವೆಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಅದೂ ಉದುರಿಸುತ್ತದೆ, ಆದರೆ ಒಮ್ಮೆಲೇ ಅಲ್ಲ, ಯಾರಿಗೂ ಸುಳಿವು ಕೊಡದೆ ಇಷ್ಟಿಷ್ಟೇ. ನಮ್ಮ ಹೆಡ್‌ಮಾಸ್ತರರ ತಲೆಗೂದಲು ಇದೇ ಕ್ರಮದಲ್ಲಿ ಹೋದದ್ದು. ಒಂದು ದಿನ ಅವರು ಟೋಪಿ ತೆಗೆದಾಗಲೇ ನಮಗೆ ತಿಳಿಯಿತು.

ನೀರಿನದೇ ದೊಡ್ಡ ಫಜೀತಿ. ಬಾವಿಯಿಂದ ನೀರು ಹೊತ್ತು ತರುವವಳು ನನ್ನ ಹೆಂಡತಿ ಶಾಂತಾ. ಗಿಡಕ್ಕೆಂದು ಇನ್ನೊಂದು ಕೊಡ ಕೇಳುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಒಂದು ದಿನ ಬಲಗಿಡದ ಬುಡದಲ್ಲಿ, ಮರುದಿನ ಎಡಗಿಡದ ಬುಡದಲ್ಲಿ ಕೂತು ಸ್ನಾನ ಮಾಡತೊಡಗಿದೆ. ಓಣಿಯ ಹೆಂಗಸರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಗಿಡಗಳು ಮಾತ್ರ ಮೂರು ವರ್ಷದಲ್ಲಿ ಎದೆಯೆತ್ತರ ಬೆಳೆದವು, ಎರಡೂ ಸಮ. ಪಾಠ ಹೇಳಲು ಸಾಲಿಗೆ ಹೊರಟಾಗ ದಿನಾ ಒಮ್ಮೆ ಹಿಂತಿರುಗಿ ನೋಡಿ ಸಂತೋಷಪಡುತ್ತಿದ್ದೆ.

ಆ ವರ್ಷ ಶಾಂತಾ ಮ್ಯಾಟ್ರಿಕ್ ಪರೀಕ್ಷೆಗೆ ಕಟ್ಟಿದಳು. ಸಾರವಾಡದ ಹುಡುಗಿ, ಮದುವೆ ಆಗಿದ್ದೇ ಸಾಲಿ ಬಿಟ್ಟಿದ್ದಳು. ಪಾಸಾದರೆ ಹೆಣ್ಣುಮಕ್ಕಳ ಸಾಲಿಯಲ್ಲಿ ಶಿಕ್ಷಕಿಯಾಗಬೇಕೆಂಬ ಆಸೆ ಅವಳದು. "ಈ ಸಲ ಆಗಲಿಲ್ಲಂದ್ರ ಮತ್ತ ಪುಸ್ತಕ ಮುಟ್ಟೂದಿಲ್ಲ" ಎಂದು ಶಪಥವನ್ನೂ ಮಾಡಿಬಿಟ್ಟಳು. ಉಳಿದ ವಿಷಯಗಳಿಗೆ ಅಂಜಿಕೆಯಿರಲಿಲ್ಲ, ಗಣಿತವೆಂದರೆ ಕೈಕಾಲು ತಣ್ಣಗಾಗುತ್ತಿದ್ದವು. ತೊಟ್ಟಿಗೆ ಒಂದು ನಳದಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ, ಎಷ್ಟು ಹೊತ್ತಿಗೆ ತುಂಬೀತು ಎಂದು ನಾನು ಕೇಳಿದರೆ, "ಹೋಗೂ ನಳಾ ಮೊದಲ ಬಂದ್ ಮಾಡ್ರಿ. ನೀರ ಹೊತ್ತ ತಂದೋರಿಗೆ ಗೊತ್ತು" ಎಂದು ಗದರುತ್ತಿದ್ದಳು.

ಇತ್ತ ಅಂಗಳದಲ್ಲಿ ಬೇರೆಯೇ ಅನಾಹುತ ನಡೆದಿತ್ತು. ಮೋರಪಂಖಿಯ ಎಲೆ ಪುಸ್ತಕದಲ್ಲಿಟ್ಟರೆ ವಿದ್ಯೆ ಹತ್ತುತ್ತದೆಂದು ಹುಡುಗರ ನಂಬಿಕೆ. ಗಣಿತ ಮಾಸ್ತರನ ಮನೆಯದೆಂದರೆ ಕೇಳಬೇಕೆ? ನಾನು ಸಂಜೆ ಬಲಗಿಡದ ಪಕ್ಕ ಕೂತು ಹುಡುಗರಿಗೆ ಪಾಠ ಹೇಳುತ್ತಿದ್ದುದರಿಂದ ಬಲಗಿಡ ಗಣಿತದ್ದೆಂದೂ ಎಡಗಿಡ ಇಂಗ್ಲಿಷಿನದೆಂದೂ ಊರೇ ತೀರ್ಮಾನಿಸಿತು. ಪರೀಕ್ಷೆ ಹತ್ತಿರ ಬಂದಂತೆ ಬಲಗಿಡ ಬೋಳಾಗುತ್ತ ಬಂತು. ಎಡಗಿಡವನ್ನು ಒಬ್ಬರೂ ಮುಟ್ಟಲಿಲ್ಲ. ಇಂಗ್ಲಿಷಿನ ಆಸೆಯನ್ನು ಎಲ್ಲರೂ ಮೊದಲೇ ಬಿಟ್ಟಿದ್ದರು.

ನಾನು ಕೂಗಾಡಿದೆ, ಕೋಲು ಹಿಡಿದು ಕಾವಲು ಕೂತೆ, ಮೂಢನಂಬಿಕೆಯ ಮೇಲೆ ಕೂತಲ್ಲಿಂದಲೇ ಭಾಷಣ ಮಾಡಿದೆ. ಹೊನವಾಡದಿಂದ ರೈತನೊಬ್ಬ ಬಸ್ಸು ಹತ್ತಿ ಬಂದು ಭಾಷಣವನ್ನೆಲ್ಲ ಕೇಳಿ ತಲೆದೂಗಿ, "ನೀವು ಹೇಳೂದು ಖರೇ ಐತ್ರಿ. ನನಗೊಂದು ಟೊಂಗಿನ ಕೊಡ್ರಿ. ನಮ್ಮ ಹುಡುಗಗ ಒಂದೆರಡ ಎಲಿ ಸಾಲೂದಿಲ್ರಿ, ಭಾಳ ದಡ್ಡ ಅದಾನ" ಎಂದ. ಇಷ್ಟು ಪ್ರಾಮಾಣಿಕ ಮನುಷ್ಯನಿಗೆ ಇಲ್ಲವೆನ್ನುವುದು ಹೇಗೆ? ಕೊಟ್ಟೆ.

ಗಣಿತದ ಪೇಪರಿನ ದಿನ ಬೆಳಿಗ್ಗೆ ಬಲಗಿಡದಲ್ಲಿ ಉಳಿದಿದ್ದು ತುದಿಯ ಒಂದು ಕುಡಿ ಮಾತ್ರ. ಶಾಂತಾ ಹೊಸ್ತಿಲು ದಾಟಿದವಳು ಗಿಡದ ಕಡೆಗೊಮ್ಮೆ ನೋಡಿ ಮುಖ ತಿರುಗಿಸಿದಳು. ಪೆನ್ನಿನ ಟೊಪ್ಪಿಗೆ ತೆಗೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು.

"ನೀನೂ ಒಂದ ಕಿತ್ತಿಟ್ಟಕೋಬೇಕಿತ್ತು" ಎಂದೆ.

"ನೀವು ಮೂರು ವರ್ಷ ಜಳಕಾ ಮಾಡಿ ಬೆಳೆಸಿದ ಗಿಡ ಅದು. ನಾ ಹೆಂಗ ಕೀಳ್ಲಿ?"

ಊರಿಗೆಲ್ಲ ಎಲೆ ಹಂಚಿಹೋಗಿತ್ತು, ಮನೆಯವಳು ಒಂದನ್ನೂ ಮುಟ್ಟಿರಲಿಲ್ಲ. ಕೈ ಹಾಕಿ ಆ ಕುಡಿಯನ್ನು ಚಿವುಟಿ ಅವಳ ಮುಂದೆ ಹಿಡಿದೆ.

"ನಿಮಗ ಇದರಾಗ ನಂಬಿಗಿ ಇಲ್ಲಲ್ರಿ?"

"ನನಗಿಲ್ಲ. ಆದರ ಪೇಪರ್ ಬರಿಯಾಕಿ ನಾನಲ್ಲ. ಪುಸ್ತಕದಾಗ ಇಟ್ಟಕೋ."

ಅವಳಿಗೆ ನಗು ತಡೆಯಲಾಗಲಿಲ್ಲ. "ಪುಸ್ತಕಾ ಒಳಗ ಬಿಡ್ತಾರೇನ್ರಿ? ಮಾಸ್ತರ ಆಗಿ ಇಷ್ಟೂ ಗೊತ್ತಿಲ್ಲೇನು?" ಎಂದು ಕುಡಿಯನ್ನು ತುರುಬಿಗೆ ಸಿಕ್ಕಿಸಿಕೊಂಡು ನಗುತ್ತಲೇ ಹೋದಳು. ನಾನು ಆ ದಿನ ತರಗತಿಯಲ್ಲಿ ಏಳು ಎಂಟಲೆ ಐವತ್ತನಾಲ್ಕು ಎಂದು ಬರೆದೆನಂತೆ.

ಶಾಂತಾ ಪಾಸಾದಳು. ಗಣಿತದಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚು ಅಂಕ. ಓಣಿಯವರೆಲ್ಲ ಬಂದು ಗಿಡದ ಮಹಿಮೆ ಹಾಡಿದರು. ನಾನು ನಡುವೆ ಬಾಯಿ ಹಾಕಿ, ಗಿಡದ್ದೇನಿಲ್ಲ, ಕಲಿಸಿದವನೂ ಒಬ್ಬನಿದ್ದಾನೆ ಎಂದು ಕೆಮ್ಮಿದೆ. ಪೇಢೆ ಹಂಚುತ್ತಿದ್ದ ಶಾಂತಾ ತಟ್ಟೆ ಕೆಳಗಿಟ್ಟಳು.

"ಗಿಡ ಅದರ ಪಾಡಿಗೆ ಅಂಗಳದಾಗ ನಿಂತಿತ್ತು, ನೀವು ಕೋಲು ಹಿಡಕೊಂಡು ಅದರ ಬಾಜೂಕ ಕುಂತಿದ್ರಿ. ಲೆಕ್ಕಾ ಬಿಡಿಸಿದಾಕಿ ನಾನ್ರಿ."

ನಾನು ತಟ್ಟೆ ಎತ್ತಿಕೊಂಡು ಉಳಿದ ಪೇಢೆ ಹಂಚತೊಡಗಿದೆ. ಲೆಕ್ಕ ಸರಿಯಾಗಿತ್ತು.