ಕೆಂಚಯ್ಯನವರ ಕೈ, ಗಂಗೆಯ ಕಾಲು

ಮೂಳೆ ನೋಡುವಾಗ ಕೆಂಚಯ್ಯನವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತವರು ಏನಾದರೂ ಹೇಳಲು ಹೋದರೆ ಎಡಗೈ ಎತ್ತಿ ಸುಮ್ಮನಿರಿಸುತ್ತಿದ್ದರು. ಅರಗಿನ ಕೆಂಪು, ಹಳದಿ ಬಣ್ಣ ಉಗುರಿನ ಸಂದಿಯಲ್ಲಿ ಕೂತ ಆ ಮೊಂಡು ಬೆರಳುಗಳು ಊದಿದ ಕೈಯ ಮೇಲೆ ಇರುವೆ ಹರಿದಷ್ಟು ಹಗುರವಾಗಿ ಸರಿದು, ಒಂದು ಕಡೆ ನಿಂತುಬಿಡುತ್ತಿದ್ದವು. "ಇಲ್ಲೈತೆ" ಎಂದು ಕಣ್ಣು ತೆರೆಯುತ್ತಿದ್ದರು. ಅಲ್ಲಿಯವರೆಗೆ ಅಳುತ್ತಿದ್ದವರು ಕೂಡ ಒಂದು ಗಳಿಗೆ ಅಳು ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು.

ಅವರ ಕಸುಬು ಗೊಂಬೆ ಮಾಡುವುದು. ಚನ್ನಪಟ್ಟಣದಲ್ಲಿ ಅವರ ಮನೆಯ ಜಗಲಿಯ ಒಂದು ಕಡೆ ಒಣಗಲು ಹಾಕಿದ ಹಾಲೆಮರದ ತುಂಡುಗಳು, ಇನ್ನೊಂದು ಕಡೆ ಕೈಕಾಲು ಮುರಿದುಕೊಂಡು ಬಂದವರು. ಬಿಲ್ಲು ಎಳೆದು ಮರ ತಿರುಗಿಸಿ ಉಳಿ ಹಿಡಿಯುವ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಬರುವರು. ಮೂಳೆ ಕಟ್ಟುವ ವಿದ್ಯೆ ಅಜ್ಜನಿಂದ ಬಂದದ್ದಂತೆ. ಓದು ಬರಹ ಬಾರದು. ಆದರೆ ಮೂಳೆಯ ವಿಷಯ ಮಾತು ಶುರು ಮಾಡಿದರೆ ಹಿಡಿದು ನಿಲ್ಲಿಸಲು ಆಗುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ನಮ್ಮ ಯಜಮಾನರು ಗಾಡಿಯಿಂದ ಬಿದ್ದು ಮುಂಗೈ ಮುರಿದುಕೊಂಡಾಗ. ಮದುವೆಯಾಗಿ ವರ್ಷವಾಗಿರಲಿಲ್ಲ. ಸಾತನೂರು ಕಡೆಯ ನಮ್ಮ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಹೋದೆವು. ಕೆಂಚಯ್ಯನವರು ಕೈ ಹಿಡಿದುಕೊಂಡು, "ನಿಮ್ ಕಡೆ ಮಳೆ ಎಂಗೆ? ಹಿಪ್ಪುನೇರಳೆ ಚಿಗುರ್ತಾ?" ಎಂದು ಲೋಕಾಭಿರಾಮ ತೆಗೆದರು. ಯಜಮಾನರು ಉತ್ತರ ಕೊಡಲು ಬಾಯಿ ತೆರೆದಾಗ ಕೈ ಜಗ್ಗಿ ಮೂಳೆ ಕೂಡಿಸಿಯೇ ಬಿಟ್ಟರು. ಕಿರುಚಾಟ ಮುಗಿಯುವ ಹೊತ್ತಿಗೆ ಕೆಲಸವೂ ಮುಗಿದಿತ್ತು. ಗೊಂಬೆಗೆ ತಂದ ಮರವನ್ನೇ ತೆಳ್ಳಗೆ ಹೆರೆದು ಅದರಿಂದ ಕಟ್ಟು ಕಟ್ಟಿದರು.

"ಬೆರಳಾಡಿಸ್ತಾ ಇರ್ಬೇಕು ಸ್ವಾಮಿ. ಕೈನ ದೇವರ ಮುಂದಿನ ದೀಪದಂಗೆ ಜೋಪಾನ ಮಾಡ್ಕೊಂಡು ಕೂತ್ರೆ ಮೂಳೆ ಸೊರಗೋಯ್ತದೆ" ಎಂದರು. ಮೂಳೆ ಹೇಗೆ ಸೊರಗುತ್ತದೆ ಎಂದು ನಾನು ಕೇಳಿದೆ. ಅವರಿಗೆ ಅಷ್ಟೇ ಬೇಕಾಗಿತ್ತು.

"ಮೂಳೆ ಅಂದ್ರೆ ಒಣಗಿದ ಸೌದೆ ಅಂದ್ಕಂಡಿದ್ದೀಯಾ ಮಗಾ? ಜೀವ ಐತೆ ಅದಕ್ಕೆ, ರಕ್ತ ಐತೆ. ನೀನು ಮನೆ ಗೋಡೆಗೆ ವರ್ಷಾವರ್ಷ ಮಣ್ಣು ಮೆತ್ತಲ್ವಾ? ಅಂಗೇ ಒಳಗೊಳಗೇ ಹಳೇದು ಕಿತ್ತು ಹೊಸದು ಮೆತ್ಕತಾ ಇರ್ತದೆ. ಮುರಿದ ಜಾಗದಲ್ಲಿ ಮೊದ್ಲು ಮೆತ್ತಗೆ ಒಂದು ಗಂಟು ಕಟ್ತದೆ, ಆಮೇಲೆ ಗಟ್ಟಿಯಾಯ್ತದೆ, ಆಮೇಲೆ ಹೆಚ್ಚಾಗಿದ್ದನ್ನ ತಾನೇ ಕೆರೆದು ನುಣ್ಣಗೆ ಮಾಡ್ಕತದೆ. ನಾನು ಮಾಡೋದು ಏನೂ ಇಲ್ಲ. ನೆಟ್ಟಗೆ ಇಡೋದು, ಕಾಯೋದು."

ಯಜಮಾನರ ಕೈ ನೆಟ್ಟಗಾಯಿತು. ಆಮೇಲೆ ಕೆಂಚಯ್ಯನವರನ್ನು ಮರೆತೆವು ಎಂದೇ ಹೇಳಬೇಕು. ಮತ್ತೆ ನೆನಪಾದದ್ದು ನನ್ನ ಮಗಳು ಗಂಗೆಗೆ ಎರಡು ತುಂಬಿ ಆರು ತಿಂಗಳಾದಾಗ.

ಗಂಗೆ ತಡವಾಗಿ ನಿಂತಳು. ನಿಂತಾಗ ಮಂಡಿಗಳು ಹೊರಕ್ಕೆ ಬಾಗಿ, ಎರಡೂ ಕಾಲು ಸೇರಿ ಕಮಾನಿನ ಹಾಗೆ ಕಂಡವು. ನಾಲ್ಕು ಹೆಜ್ಜೆ ಇಟ್ಟರೆ ಕೂತುಬಿಡುತ್ತಿದ್ದಳು. ನಮ್ಮತ್ತೆ ಮೊದಮೊದಲು ಎಣ್ಣೆ ತಿಕ್ಕಿದರು, ಹರಕೆ ಹೊತ್ತರು. ಆಮೇಲೆ ಯಾರಾದರೂ ಮನೆಗೆ ಬಂದರೆ ಮಗುವನ್ನು ಒಳಗೆ ಕರೆದುಕೊಂಡು ಹೋಗು ಎನ್ನತೊಡಗಿದರು. "ಹೆಣ್ಣು ಕೂಸು. ಒಬ್ಬರ ಕಣ್ಣಿಗೆ ಬಿದ್ದರೆ ಊರಿಗೆಲ್ಲ ಗೊತ್ತಾಯ್ತದೆ. ನಾಳೆ ಯಾರು ಬತ್ತಾರೆ ಕೇಳ್ಕಂಡು?" ಕನಕಪುರದ ಕಡೆಯಿಂದ ಬಂದ ಒಬ್ಬ ನಾಟಿ ವೈದ್ಯ, ಎರಡು ಕಾಲನ್ನೂ ಮುರಿದು ಹೊಸದಾಗಿ ಕಟ್ಟಬೇಕು ಎಂದ. ಅವನ ಮಾತು ಕೇಳಿದ ರಾತ್ರಿ ನಾನು ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು, ಚನ್ನಪಟ್ಟಣಕ್ಕೆ ಹೋಗದೆ ಯಾರಿಗೂ ಮಗುವಿನ ಕಾಲು ಮುಟ್ಟಲು ಬಿಡುವುದಿಲ್ಲ ಎಂದೆ. ಆ ಮನೆಯಲ್ಲಿ ನಾನು ಮೊದಲ ಸಲ ಗಟ್ಟಿಯಾಗಿ ಮಾತಾಡಿದ್ದು ಅಂದೇ. ಅತ್ತೆಯೂ ಜೊತೆಗೆ ಬಂದರು.

ಕೆಂಚಯ್ಯನವರು ಗಂಗೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಮುಚ್ಚಿದರು. ಕಾಲು ನೋಡುತ್ತಾರೆ ಎಂದುಕೊಂಡರೆ ಮೊದಲು ಮಣಿಕಟ್ಟು ಹಿಡಿದರು. ಅದು ಸ್ವಲ್ಪ ದಪ್ಪಗಿದೆ ಎಂದು ನನಗೆ ಗೊತ್ತಾದದ್ದೇ ಆಗ. ಪಕ್ಕೆಲುಬಿನ ಮೇಲೆ ಬೆರಳು ಸರಿಸಿದರು. ಕೊನೆಗೆ ಮಂಡಿ.

"ಕಾಲು ಮುರಿಯೋದಾ? ಯಾವನ್ಲಾ ಅವನು!" ಎಂದು ಗುಡುಗಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಕೂಸು ಹಗಲೊತ್ತು ಎಲ್ಲಿರ್ತದವ್ವಾ?"

"ಹುಳದ ಮನೇಲಿ, ನನ್ನ ಜೊತೆ" ಎಂದೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಬೆಳಕು, ಗಾಳಿ ನೇರವಾಗಿ ಬೀಳಬಾರದೆಂದು ಕಿಟಕಿಗೆ ಗೋಣಿ ಕಟ್ಟಿ, ತಟ್ಟೆಗಳ ನಡುವೆಯೇ ತೊಟ್ಟಿಲು ಕಟ್ಟಿದ್ದೆ. ಮಗು ಹುಟ್ಟಿದಾಗಿನಿಂದ ಆ ಕತ್ತಲೆಯಲ್ಲೇ ಬೆಳೆದಿತ್ತು.

ಅವರು ಎದ್ದು ಒಳಗೆ ಹೋಗಿ ಎರಡು ಮೂಳೆ ತಂದರು. ನಮ್ಮದು ಲಿಂಗಾಯತರ ಮನೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿ ಹಿಂದೆ ಸರಿದರು.

"ತಿನ್ನಕ್ಕೆ ಕೊಡ್ತಿಲ್ಲ ದೊಡ್ಡವ್ವ, ನೋಡಕ್ಕೆ" ಎಂದರು ಕೆಂಚಯ್ಯನವರು. "ಇದು ಮುದಿ ಕುರೀದು. ಇದು ಎಳೆ ಮರೀದು. ಬೇಯಿಸಿದ್ರೆ ಮರಿ ಮೂಳೆ ತುದಿ ಟೋಪಿ ಕಳಚ್ಕಂಡಂಗೆ ಬಂದ್ಬುಡ್ತದೆ, ನೋಡಿ. ಮುದಿ ಕುರೀದು ಬರಕ್ಕಿಲ್ಲ. ಯಾಕೆ? ಮೂಳೆ ಉದ್ದ ಬೆಳೆಯೋ ಜಾಗ ಅದೇ. ಅಲ್ಲಿ ಎಳಸು. ಈ ಕೂಸಿಗೆ ಆ ಎಳಸು ಗಟ್ಟಿಯಾಗ್ತಿಲ್ಲ. ಮೈ ಭಾರಕ್ಕೆ ಬಗ್ತಾ ಐತೆ. ಇನ್ನೂ ಬೆಳೀತಾ ಐತಲ್ಲ, ಅದೇ ನಮ್ಮ ಪುಣ್ಯ. ಬಗ್ಗಿದ್ದು ಬೆಳೀತಾ ಬೆಳೀತಾ ನೆಟ್ಟಗಾಯ್ತದೆ."

"ಔಷಧಿ?" ಎಂದೆ.

"ಬಿಸ್ಲು. ಬೆಳಗಿನ ಬಿಸ್ಲಲ್ಲಿ ಬರೀಮೈಲಿ ಬುಟ್ಬುಡು. ರಾಗಿ ಅಂಬಲಿ, ಮೊಸರು. ಬಿಸ್ಲು ಯಾಕೆ ಅಂದ್ರೆ ನಂಗೊತ್ತಿಲ್ಲ ಮಗಾ. ಕತ್ಲೇಲಿ ಬೆಳೆದ ಮಕ್ಕಳ ಕಾಲು ಇಂಗಾಗೋದು, ಬಯಲಿಗೆ ಬುಟ್ಟ ಮೇಲೆ ಸರಿಹೋಗೋದು, ಎರಡೂ ಕಂಡಿವ್ನಿ."

ಅತ್ತೆ ಒಪ್ಪಲಿಲ್ಲ. "ಈ ಕಾಲು ಇಟ್ಕಂಡು ಬೀದಿಗೆ ಬಿಡೋದಾ? ನಾಕು ಜನ ನಗಲ್ವಾ?"

ಕೆಂಚಯ್ಯನವರು ಕೈಯಲ್ಲಿದ್ದ ಮೂಳೆಗಳನ್ನು ಕೆಳಗಿಟ್ಟರು. ಆಮೇಲೆ ಹೇಳಿದರು. "ನನಗೊಬ್ಳು ತಂಗಿ ಇದ್ಲು ದೊಡ್ಡವ್ವ. ಅವಳದ್ದೂ ಇಂಥದ್ದೇ ಕಾಲು. ಜನ ನೋಡ್ಬಾರ್ದು ಅಂತ ನಮ್ಮಪ್ಪ ಒಳಗೇ ಕೂರಿಸ್ದ. ಒಳಗೆ ಕೂತಷ್ಟೂ ಜಾಸ್ತಿಯಾಯ್ತು. ಎಂಗೋ ಮದ್ವೆ ಮಾಡಿದ್ರು. ಕಾಲು ಸೊಟ್ಟ ಇದ್ರೆ ಕುಂಟ್ಕಂಡಾದ್ರೂ ಬದುಕ್ಬೌದು. ಸೊಂಟದ ಮೂಳೆನೂ ಮುದುಡಿತ್ತು, ಅದು ಯಾರ ಕಣ್ಣಿಗೂ ಬೀಳ್ಲಿಲ್ಲ. ಚೊಚ್ಚಲು ಹೆರಿಗೆ. ಕೂಸಿಗೆ ಬರಕ್ಕೆ ದಾರಿ ಇರ್ಲಿಲ್ಲ. ಇಬ್ರೂ ಹೋದ್ರು. ಊರವರ ಮೂಳೆಯೆಲ್ಲ ಕೂಡಿಸ್ತಿದ್ದ ನಮ್ಮಜ್ಜ ಹೊಸ್ತಿಲ ಮೇಲೆ ಕೂತಿದ್ದ."

ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ಹೊರಡುವಾಗ ಗಂಗೆಯನ್ನು ಗಾಡಿಗೆ ಎತ್ತಿಕೊಂಡವರು ಅವರೇ.

ಮಾರನೆಯ ದಿನ ಮಗುವನ್ನು ಮನೆ ಮುಂದಿನ ಕಣಕ್ಕೆ ತಂದೆ. ಬಟ್ಟೆ ತೆಗೆದು ಬಿಸಿಲಿಗೆ ಬಿಟ್ಟೆ. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿದರು. "ಅಯ್ಯೋ, ಸೊಟ್ಟಕಾಲಿ" ಎಂದು ಒಬ್ಬಳು ಅಂದದ್ದು ಕೇಳಿಸಿತು. ಎದ್ದು ಒಳಗೆ ಓಡಬೇಕೆನಿಸಿತು. ಆಗ ಅತ್ತೆ ಮೊರ ಹಿಡಿದು ಬಂದು, ಅವರಿಗೂ ಮಗುವಿಗೂ ನಡುವೆ ಕೂತು ರಾಗಿ ಕೇರತೊಡಗಿದರು. ಆ ವರ್ಷ ಅವರು ಅಷ್ಟು ರಾಗಿಯನ್ನು ಯಾಕೆ ಕೇರಿದರೋ ಊರಿಗೆ ತಿಳಿಯಲಿಲ್ಲ.

ಮೂರು ತಿಂಗಳಿಗೊಮ್ಮೆ ಚನ್ನಪಟ್ಟಣಕ್ಕೆ ಹೋಗುತ್ತಿದ್ದೆವು. ಕೆಂಚಯ್ಯನವರು ಅಳತೆಗೆ ಮರದ ಚೆಂಡು ಕಡೆದಿಟ್ಟಿದ್ದರು. ಗಂಗೆಯನ್ನು ಪಾದ ಕೂಡಿಸಿ ನಿಲ್ಲಿಸಿ, ಮಂಡಿಗಳ ನಡುವೆ ಚೆಂಡು ತೂರಿಸುವರು. ಮೊದಲನೆಯದು ಬೇಲದಕಾಯಿ ಗಾತ್ರದ ಕೆಂಪು ಚೆಂಡು, ಸಲೀಸಾಗಿ ತೂರಿತು. ಆರು ತಿಂಗಳಾದರೂ ಅದು ತೂರುತ್ತಲೇ ಇತ್ತು. ನಾನು ಅತ್ತುಬಿಟ್ಟೆ. ಕೆಂಚಯ್ಯನವರು ಮಾತ್ರ ಮಗುವಿನ ಮಣಿಕಟ್ಟು ಹಿಡಿದು, "ಗಟ್ಟಿಯಾಗ್ತಾ ಐತೆ, ಒಸಿ ತಾಳು" ಎಂದರು. ಒಂಬತ್ತನೇ ತಿಂಗಳಲ್ಲಿ ಸಂದಿ ಕಿರಿದಾಗಿ ಕೆಂಪು ಚೆಂಡು ಸಿಕ್ಕಿಕೊಂಡು ನಿಂತಿತು. "ಲೇ, ಬನ್ರೋ ಇಲ್ಲಿ!" ಎಂದು ಅವರು ಕೂಗಿದ ರಭಸಕ್ಕೆ ಜಗಲಿಯ ಮೇಲಿದ್ದ ಕುಂಟರೆಲ್ಲ ಎದ್ದು ಬಂದರು. ಆಮೇಲೆ ನಿಂಬೆಹಣ್ಣಿನಷ್ಟು ಹಳದಿ ಚೆಂಡು, ನೆಲ್ಲಿಕಾಯಿಯಷ್ಟು ಹಸಿರು. ಮಗುವಿಗೆ ನಾಲ್ಕು ವರ್ಷ ದಾಟಿದ ಮೇಲೆ ಯಾವ ಚೆಂಡೂ ಬೇಕಾಗಲಿಲ್ಲ. ಗಂಗೆ ಕೆರೆ ಏರಿಯ ಮೇಲೆ ಓಡುವುದನ್ನು ನಾನು ಕೆಲಸ ಬಿಟ್ಟು ನೋಡುತ್ತಿದ್ದೆ.

ಆದರೂ ಅವರ ತಂಗಿಯ ಮಾತು ನನ್ನೊಳಗೆ ಉಳಿದೇ ಇತ್ತು. ಕಾಲು ಕಣ್ಣಿಗೆ ಕಾಣುತ್ತದೆ, ಒಳಗಿನ ಮೂಳೆ ಯಾರಿಗೆ ಕಾಣುತ್ತದೆ? ವಯಸ್ಸಿಗೆ ಬಂದ ಮೇಲೆ ಗಂಗೆಯನ್ನು ಮಾಗಡಿಗೆ ಕೊಟ್ಟೆವು. ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ನೋವು ಶುರುವಾದದ್ದು ಬೆಳಗಿನ ಜಾವ. ನಾನು ಬಾಗಿಲಾಚೆ ನಿಂತು ಬಾಯಲ್ಲಿ ಶಿವನ ಹೆಸರು ಹೇಳುತ್ತಿದ್ದರೂ ಮನಸ್ಸಿನಲ್ಲಿ ಕಾಣುತ್ತಿದ್ದದ್ದು ನಾನೆಂದೂ ನೋಡದ ಆ ಹುಡುಗಿಯೇ. ಮಧ್ಯಾಹ್ನದ ಊಟದ ಹೊತ್ತಿಗೆ ಸೂಲಗಿತ್ತಿ ಹೊರಗೆ ಬಂದು ಹಣೆ ಒರೆಸಿಕೊಂಡಳು. "ಯಾಕವ್ವ ಇಂಗೆ ನಿಂತಿದ್ದೀಯ? ಗಂಡು ಮಗ. ಇಂಥ ಸುಲಭದ ಹೆರಿಗೆ ಈಚೆಗೆ ನಾನು ಕಂಡಿಲ್ಲ." ನಾನು ಅಳುತ್ತಲೇ ನಕ್ಕೆ.

ಹತ್ತು ದಿನ ಕಳೆದ ಮೇಲೆ ನಾನೊಬ್ಬಳೇ ಮೋಟಾರು ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಕೆಂಚಯ್ಯನವರು ತೀರ ಮುದುಕರಾಗಿದ್ದರು. ಗೊಂಬೆಯ ಕೆಲಸ ಮಗನಿಗೆ ಬಿಟ್ಟು ಜಗಲಿಯ ಕಂಬಕ್ಕೊರಗಿ ಕೂತಿದ್ದರು. ಗಂಗೆಗೆ ಮಗು ಹುಟ್ಟಿತು ಎಂದೆ. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

"ತಾಯಿ?" ಎಂದರು.

"ಮೂರನೇ ದಿನಕ್ಕೇ ಎದ್ದು ಓಡಾಡಿದ್ಲು ಕೆಂಚಯ್ನೋರೆ. ಏನೂ ಕಷ್ಟ ಆಗಲಿಲ್ಲ."

"ಏನೂ ಆಗ್ಲಿಲ್ವಾ?"

"ಏನೂ ಆಗಲಿಲ್ಲ."

ಟವೆಲಿನಿಂದ ಮುಖ ಒರೆಸಿಕೊಂಡರು. ಇನ್ನೊಮ್ಮೆ ಹೇಳು ಎಂದರು. ನೋವು ಎಷ್ಟು ಹೊತ್ತಿಗೆ ಬಂತು, ಸೂಲಗಿತ್ತಿ ಏನೆಂದಳು, ಎಲ್ಲವನ್ನೂ ಮೊದಲಿನಿಂದ ಹೇಳುತ್ತಾ ಹೋದೆ. "ಊಂ, ಊಂ" ಎನ್ನುತ್ತಿದ್ದ ದನಿ ನಡುವೆ ನಿಂತಿತು. ನೋಡಿದರೆ ಕಂಬಕ್ಕೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಗೆ ಜಾರಿದ್ದರು.

ಅವರ ಹೆಂಡತಿ ಮಜ್ಜಿಗೆ ತಂದವರು, "ಹಗಲಲ್ಲಿ ಮಲಗಿದವರೇ ಅಲ್ಲ, ಎಬ್ಬಿಸ್ತೀನಿ ತಾಳು" ಎಂದು ಕೈ ಚಾಚಿದರು. ನಾನು ತಡೆದೆ. ಮಜ್ಜಿಗೆ ಕುಡಿದು, ಸದ್ದಾಗದಂತೆ ಲೋಟ ಕೆಳಗಿಟ್ಟು, ಹೋಗಿಬರುತ್ತೇನೆ ಎಂದೂ ಹೇಳದೆ ಬಸ್ಸಿಗೆ ನಡೆದೆ. ಸುಗ್ಗಿ ಮುಗಿದ ಮೇಲೆ ಮಗುವನ್ನು ತಂದು ತೋರಿಸೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರು ತೀರಿಹೋದ ಸುದ್ದಿ ಬಂತು. ಹೆರಿಗೆಯಾದ ಹತ್ತು ದಿನಕ್ಕೇ ನಾನು ಹೋಗಿ ಹೇಳಿ ಬಂದದ್ದು ಎಷ್ಟು ಒಳ್ಳೆಯದಾಯಿತು ಎಂದು ಗಂಗೆಯ ಮುಂದೆ ಈಗಲೂ ಹೇಳುತ್ತಿರುತ್ತೇನೆ.