ಒಳೆಯಾಚೆಯ ಸಂಪಾದಕಿ

ಮಗಳು ನಡುಮನೆಯಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಗ್ಯಾಸ್ ಸೋರುತ್ತಿದೆ ಎಂದುಕೊಂಡು ನಾನು ಅಡುಗೆಮನೆಗೆ ಓಡಿದೆ. ಯಾವ ವಾಸನೆ ಬಂದರೂ ಮೊದಲು ಗ್ಯಾಸ್ ಎಂದುಕೊಳ್ಳುವುದು ನನ್ನ ಪದ್ಧತಿ. ಗ್ಯಾಸ್ ಸೋರುತ್ತಿರಲಿಲ್ಲ. ಸಿಲಿಂಡರಿನ ಮುಂದೆ ಪೆಚ್ಚಾಗಿ ನಿಂತಿದ್ದಾಗ ನೆನಪಾಯಿತು: ಇದು ಸ್ಟೆನ್ಸಿಲ್ ತಿದ್ದುವ ಕೆಂಪು ದ್ರಾವಣದ ವಾಸನೆ. ಅದರ ಹಿಂದೆಯೇ ನಮ್ಮ ಎಡಿಟ್ರಮ್ಮ…

ತೊಂಬತ್ತರ ದಶಕದ ಮಾತು. ಅಪ್ಪನಿಗೆ ಮೈಸೂರಿನಿಂದ ಟಿ. ನರಸೀಪುರದ ಬ್ಯಾಂಕಿಗೆ ವರ್ಗವಾಗಿ, ನಾನು ಅಲ್ಲಿನ ಹೈಸ್ಕೂಲಿಗೆ ಒಂಬತ್ತನೆಯ ತರಗತಿಗೆ ಸೇರಿದ್ದೆ. ಆ ಶಾಲೆಯಲ್ಲಿ ಮಕ್ಕಳೇ ನಡೆಸುವ ಒಂದು ಪತ್ರಿಕೆ ಇತ್ತು. ಊರಿನಲ್ಲಿ ಎರಡು ನದಿ ಕೂಡುವುದರಿಂದ ಅದರ ಹೆಸರು ‘ಎರಡು ಹೊಳೆ’. ಸ್ಟೆನ್ಸಿಲ್ ಎಂಬ ಮೇಣದ ಹಾಳೆಯ ಮೇಲೆ ಮೊನೆಯ ಕಡ್ಡಿಯಿಂದ ಬರೆದು, ಆಫೀಸಿನ ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ಹಿಡಿ ತಿರುಗಿಸಿದರೆ ಪ್ರತಿಗಳು ಬೀಳುತ್ತಿದ್ದವು. ಅರ್ಧ ಮಸಿ ಹಾಳೆಗೆ, ಅರ್ಧ ನಮ್ಮ ಅಂಗಿಗೆ.

ಸಂಪಾದಕಿ ಹತ್ತನೆಯ ತರಗತಿಯವಳು. ನದಿಯಾಚೆ, ಸೋಸಲೆಯಿಂದಲೂ ಮುಂದೆ ಇರುವ ಹಳ್ಳಿಯಿಂದ ಬರುತ್ತಿದ್ದಳು. ಮೇಷ್ಟರುಗಳೂ ಅವಳನ್ನು ‘ಎಡಿಟ್ರಮ್ಮ’ ಎಂದೇ ಕರೆಯುತ್ತಿದ್ದರು. ಅವಳ ಅಕ್ಷರ ಮುತ್ತು, ಸುದ್ದಿ ಹಿಡಿಯುವ ಕಿವಿ ಇನ್ನೂ ಚುರುಕು. ಯಾರ ಮನೆಯ ಹಸು ಶಾಲೆಯ ತೋಟ ಮೇಯ್ದಿತು, ಯಾವ ಬೋರ್‌ವೆಲ್ಲಿನ ಹಿಡಿ ಮುರಿಯಿತು, ಎಲ್ಲ ಅವಳಿಗೆ ಮೊದಲು ಗೊತ್ತು. ಆದರೆ ಆ ಕಡೆಯ ಮಾತಿನ ರೀತಿಯಂತೆ ಅವಳ ನಾಲಿಗೆಯಲ್ಲಿ ಪದದ ಮೊದಲ ‘ಹ’ ನಿಲ್ಲುತ್ತಿರಲಿಲ್ಲ. ಹಳ್ಳಿ ಅಳ್ಳಿಯಾಗುತ್ತಿತ್ತು, ಹೊಳೆ ಒಳೆ. ಮಾತಿನಲ್ಲಿ ಯಾರಿಗೂ ತೊಂದರೆಯಿಲ್ಲ. ಅರ್ಧ ಶಾಲೆ ಹಾಗೇ ಮಾತಾಡುತ್ತಿತ್ತು. ತೊಂದರೆ ಬರುತ್ತಿದ್ದದ್ದು ಬರೆಯುವಾಗ. ತಾನೆಲ್ಲೋ ‘ಹ’ ಬಿಟ್ಟಿದ್ದೇನೆ ಎಂಬ ಭಯದಲ್ಲಿ ಒಮ್ಮೆ ಅವಳು ಇಲ್ಲದ ಕಡೆ ಸೇರಿಸಿಬಿಟ್ಟಳು. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ‘ಸೊಸೈಟಿಗೆ ಈ ತಿಂಗಳು ಹಕ್ಕಿ ಬಂದಿಲ್ಲ’ ಎಂದು ಅಚ್ಚಾಯಿತು. ಬಾರದೇ ಇದ್ದದ್ದು ಅಕ್ಕಿ.

ಆ ವಾರವೆಲ್ಲ ಹುಡುಗರು ರೇಷನ್ ಅಂಗಡಿಯ ಮುಂದೆ ರೆಕ್ಕೆ ಬಡಿಯುತ್ತ ಓಡಾಡಿದರು. ಹೆಡ್‌ಮೇಷ್ಟರು ನನ್ನನ್ನು ಕರೆದು, “ನೀನು ಮೈಸೂರಿನವನು. ಇನ್ನು ಮೇಲೆ ‘ಹ’ ನೋಡಿಕೊಳ್ಳುವುದು ನಿನ್ನ ಕೆಲಸ” ಎಂದು ಕೆಂಪು ದ್ರಾವಣದ ಶೀಶೆಯನ್ನು ಕೈಗಿಟ್ಟರು. ಬದುಕಿನಲ್ಲಿ ನನಗೆ ಸಿಕ್ಕ ಮೊದಲ ಹುದ್ದೆ ಅದು. ಅಷ್ಟು ಮನಸ್ಸಿಟ್ಟು ಇನ್ನಾವ ಹುದ್ದೆಯನ್ನೂ ನಾನು ಮಾಡಿಲ್ಲ. ಎಡಿಟ್ರಮ್ಮ ನನ್ನನ್ನು ‘ಅ ಇನ್ಸ್‌ಪೆಕ್ಟ್ರು’ ಎಂದು ಕರೆಯತೊಡಗಿದಳು.

“ಬಾರಪ್ಪ ಅ ಇನ್ಸ್‌ಪೆಕ್ಟ್ರೇ, ಇವತ್ತು ಎಷ್ಟು ಬುಟ್ಟಿವ್ನಿ ನೋಡು.”

“ಅ ಅಲ್ಲ, ಹ.”

“ಅದೇ ಕಣೋ ನಾನೂ ಏಳಿದ್ದು.”

ಆ ವರ್ಷ ಶಾಲಾ ಪತ್ರಿಕೆಗಳ ಸ್ಪರ್ಧೆಯಲ್ಲಿ ‘ಎರಡು ಹೊಳೆ’ಗೆ ಮೊದಲ ಬಹುಮಾನ ಬಂತು. ಬಹುಮಾನ ತಂದುಕೊಟ್ಟದ್ದು ಅವಳ ಒಂದು ಸಂಪಾದಕೀಯ. ಅವರ ಕಡೆಗೆ ಹೋಗುವ ಸಂಜೆಯ ಬಸ್ಸು ಶಾಲೆ ಬಿಡುವ ಮೊದಲೇ ಹೊರಟುಬಿಡುತ್ತಿತ್ತು. ಹಾಗಾಗಿ ಆಚೆಯ ಹುಡುಗಿಯರು ದಿನವೂ ಕೊನೆಯ ಪೀರಿಯಡ್ಡನ್ನು, ಅಂದರೆ ಗಣಿತವನ್ನು, ಬಿಟ್ಟು ಎದ್ದು ಹೋಗಬೇಕಿತ್ತು. ಪರೀಕ್ಷೆಯಲ್ಲಿ ಅವರೇ ಫೇಲಾಗುತ್ತಿದ್ದರು. ‘ನಮಗೆ ಲೆಕ್ಕ ಬರುವುದಿಲ್ಲ ಎನ್ನಬೇಡಿ, ನಮಗೆ ಲೆಕ್ಕ ಸಿಗುವುದಿಲ್ಲ’ ಎಂದು ಬರೆದಿದ್ದಳು. ಪ್ರಶಸ್ತಿ ಕೊಡುವುದು ನಂಜನಗೂಡಿನಲ್ಲಿ, ದೊಡ್ಡ ಅಧಿಕಾರಿಗಳ ಮುಂದೆ. ಗೆದ್ದ ಪತ್ರಿಕೆಯ ಸಂಪಾದಕೀಯವನ್ನು ವೇದಿಕೆಯ ಮೇಲೆ ಓದಬೇಕು.

ಹೆಡ್‌ಮೇಷ್ಟರು ನಮ್ಮಿಬ್ಬರನ್ನೂ ಕರೆಸಿದರು. ನನ್ನ ಕಡೆ ನೋಡಿ, “ನೀನು ಓದು. ನಿನ್ನ ಉಚ್ಚಾರ ಶುದ್ಧ” ಎಂದರು.

ಎಡಿಟ್ರಮ್ಮ ನೆಲ ನೋಡುತ್ತ, “ಬರ್ದೋಳು ನಾನು ಸಾ” ಎಂದಳು.

“ಹೌದಮ್ಮ. ಆದರೆ ಅಲ್ಲಿ ನಗುತ್ತಾರೆ. ನಿನಗೆ ಗೊತ್ತಿಲ್ಲ, ಹೇಗೆ ನಗುತ್ತಾರೆ ಅಂತ.” ಗೋಡೆಯ ಕ್ಯಾಲೆಂಡರ್ ನೋಡಿ, “ಒಂದು ವಾರ ಟೈಮಿದೆ. ತಪ್ಪಿಲ್ಲದೆ ಓದುವುದಾದರೆ ನೀನೇ ಓದು” ಎಂದರು.

ಅವಳಿಗಿಂತ ನನಗೇ ಭಯ ಹೆಚ್ಚಾಯಿತು. ಮೈಕಿನ ಮುಂದೆ ನಾನು ಒಮ್ಮೆಯೂ ನಿಂತವನಲ್ಲ. ಅವಳು ಓದದಿದ್ದರೆ ನಾನು ಓದಬೇಕು. ನಾನು ಓದಿದರೆ ವೇದಿಕೆಯ ಮೇಲೆಯೇ ವಾಂತಿಯಾಗುತ್ತದೆ. ಅದು ಮುಂದಿನ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಹೀಗೆ ಪೂರ್ತಿ ಸ್ವಾರ್ಥದಿಂದ ಅವಳಿಗೆ ಪಾಠ ಹೇಳಿಕೊಟ್ಟೆ. ಬಿಡಿಯಾಗಿ ಕೇಳಿದರೆ ‘ಹ’ ಎನ್ನುತ್ತಿದ್ದಳು, ಓದಲು ಹೊರಟರೆ ಅದು ಉದುರಿಹೋಗುತ್ತಿತ್ತು. ಮೂರ್ನಾಲ್ಕು ದಿನವಾದರೂ ಸುಧಾರಿಸದಿದ್ದಾಗ ನಾನೊಂದು ಉಪಾಯ ಮಾಡಿದೆ. ಇಡೀ ಸಂಪಾದಕೀಯವನ್ನು ಒಂದೇ ಒಂದು ‘ಹ’ ಇಲ್ಲದಂತೆ ತಿದ್ದಿ ಬರೆದೆ. ಹೊಳೆ ನದಿಯಾಯಿತು. ಹಳ್ಳಿಯ ಹೆಣ್ಣುಮಕ್ಕಳು ಗ್ರಾಮೀಣ ಬಾಲಕಿಯರಾದರು. ಬಸ್ಸು ಹತ್ತುವವರು ಬಸ್ಸನ್ನೇರಿ ತೆರಳಿದರು. ಹಸಿವಿನ ಹತ್ತಿರ ತುಂಬಾ ಹೊತ್ತು ಒದ್ದಾಡಿ ‘ಕ್ಷುಧೆ’ ಎಂದು ಹಾಕಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿದ್ದೆ.

ಅವಳು ನಿಧಾನವಾಗಿ ಓದಿದಳು. “ಕ್ಷುಧೆ ಅಂದ್ರೇನ್ಲಾ? ಕಾಯಿಲೆನಾ?”

“ಹಸಿವು.”

“ಅಸಿವಿಗೆ ಇಷ್ಟು ದೊಡ್ಡ ಎಸ್ರಾ?” ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಚೆನ್ನಾಗದೆ ಕಣೋ. ಆದ್ರೆ ಇದ್ರಲ್ಲಿ ನಾವೆಲ್ಲಿದ್ದೀವಿ?”

“ಗ್ರಾಮೀಣ ಬಾಲಕಿಯರು ಅಂತ ಇದೆಯಲ್ಲ.”

“ಅವ್ರು ಯಾರೋ ಬುಡು.” ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಹೆಡ್‌ಮೇಷ್ಟರ ಮುಂದೆ ಅದನ್ನೇ ತೆಗೆದು ಓದಿದಳು. ಒಂದು ತಪ್ಪೂ ಇರಲಿಲ್ಲ. ಪದಗಳನ್ನು ಬದಲಿಸಿದ್ದು ಯಾರೆಂದು ಕೇಳದೆ ಅವರು ಒಪ್ಪಿದರು.

ನಂಜನಗೂಡಿಗೆ ಹೋದ ದಿನ ನಾನು ಹೆಡ್‌ಮೇಷ್ಟರ ಪಕ್ಕ ಮೂರನೆಯ ಸಾಲಿನಲ್ಲಿ ಕೂತಿದ್ದೆ. ಅವಳು ಬಿಗಿಯಾಗಿ ಜಡೆ ಹೆಣೆದುಕೊಂಡು, ಕೈಯಲ್ಲಿ ಹಾಳೆ ಹಿಡಿದು ಮೈಕಿನ ಮುಂದೆ ನಿಂತಳು. ಅದು ನನ್ನ ಹಾಳೆಯೋ ಅವಳದೋ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ನದಿ ಎನ್ನುತ್ತಾಳೆ, ಮೊದಲ ಪದ ನದಿ, ಎಂದು ನಾನು ಒಳಗೇ ಜಪಿಸುತ್ತಿದ್ದೆ.

“ಒಳೆಯಾಚೆಯ ಅಳ್ಳಿ ಎಣ್ಣುಮಕ್ಕಳು ನಾವು…”

ಮುಂದಿನ ಬೆಂಚುಗಳಲ್ಲಿ ಪಟ್ಟಣದ ಶಾಲೆಯ ಮಕ್ಕಳು ಕಿಸಕ್ಕೆಂದರು. ನಗು ಹಿಂದಕ್ಕೆ ಹರಡಿತು. ವೇದಿಕೆಯ ಮೇಲಿದ್ದವರೊಬ್ಬರು ಕರವಸ್ತ್ರವನ್ನು ಬಾಯಿಗೆ ಹಿಡಿದರು. ಹೆಡ್‌ಮೇಷ್ಟರು ಕಣ್ಣು ಮುಚ್ಚಿಕೊಂಡರು. ನಾನು ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಂಡೆ.

ಅವಳು ಓದುವುದನ್ನು ನಿಲ್ಲಿಸಿ ಕಾದಳು. ನಗು ಸ್ವಲ್ಪ ಇಳಿದ ಮೇಲೆ, “ನಗಾಡ್ಕಳಿ, ನಂಗೇನೂ ಬೇಜಾರಿಲ್ಲ. ಆದ್ರೆ ಬೇಗ ನಗಾಡಿ. ನಮ್ಮ ಬಸ್ಸು ಒಂಟೋಯ್ತದೆ” ಎಂದಳು.

ಈ ಸಲ ನಕ್ಕವರು ಬೇರೆ ಥರ ನಕ್ಕರು. ಆಮೇಲೆ ಅವಳು ಮೊದಲಿನಿಂದ, ತನ್ನ ಹಾಳೆಯನ್ನು, ತನ್ನ ನಾಲಿಗೆಯಲ್ಲಿ, ಕೊನೆಯವರೆಗೆ ಓದಿದಳು. ‘ನಮಗೆ ಲೆಕ್ಕ ಸಿಗುವುದಿಲ್ಲ’ ಎಂಬ ಸಾಲಿಗೆ ಬರುವ ಹೊತ್ತಿಗೆ ಸಭೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು.

ವಾಪಸ್ಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಹೆಡ್‌ಮೇಷ್ಟರು ನಮ್ಮ ಪಕ್ಕದ ಬೆಂಚಿನಲ್ಲಿ ಕೂತರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಗುಟ್ಟಾಗಿ ಬೇರೆ ಹಾಳೆ ಬರೆದುಕೊಟ್ಟವನು ನಾನು, ಶಾಲೆಯಿಂದ ತೆಗೆದರೆ ಅಪ್ಪನಿಗೆ ಏನು ಹೇಳುವುದು ಎಂಬಲ್ಲಿಯವರೆಗೂ ಹೋಗಿದ್ದೆ. ಅವರು ಎದ್ದುಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದು ಅವಳ ಕೈಯಲ್ಲಿಟ್ಟರು. ಕಣ್ಣು ಕೆಂಪಾಗಿತ್ತು.

“ತಕ್ಕೋ ಕೂಸೇ,” ಎಂದರು, “ಅಣ್ಣು ತಿನ್ನು. ಅಸ್ದಿದ್ದೀಯೆ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವರು ತಲಕಾಡಿನ ಕಡೆಯ ರೈತರ ಮಗನೆಂದು ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ. ಆ ‘ಹ’ಗಳನ್ನೆಲ್ಲ ಅವರು ಎಲ್ಲಿ, ಯಾರು ಯಾರು ನಕ್ಕ ಮೇಲೆ ಕಲಿತಿದ್ದರೋ… ನಾನು ಯೋಚಿಸಿರಲೇ ಇಲ್ಲ. ಎಡಿಟ್ರಮ್ಮ ಹಣ್ಣು ಸುಲಿದು ಮೊದಲು ಅವರಿಗೆ ಕೊಟ್ಟಳು.

ಬಸ್ಸಿನ ವೇಳೆ ಬದಲಾಗಲಿಲ್ಲ. ಅಧಿಕಾರಿಗಳು ‘ಪರಿಶೀಲಿಸಲಾಗುವುದು’ ಎಂದರು, ಈಗಲೂ ಪರಿಶೀಲಿಸುತ್ತಿರಬಹುದು. ಮುಂದಿನ ಸೋಮವಾರ ಹೆಡ್‌ಮೇಷ್ಟರು ಗಣಿತವನ್ನು ಬೆಳಗಿನ ಮೊದಲ ಪೀರಿಯಡ್ಡಿಗೆ ಹಾಕಿ, ಕೊನೆಗೆ ಆಟ ಇಟ್ಟರು. ಆಟದ ಮೇಷ್ಟರು ಸಿಡಿಮಿಡಿಗೊಂಡರು. ಆ ವರ್ಷ ಎಡಿಟ್ರಮ್ಮ ಗಣಿತದಲ್ಲಿ ಪಾಸಾದಳು. ಅದರ ಹಿಂದೆಯೇ ಅಪ್ಪನಿಗೆ ಮತ್ತೆ ವರ್ಗವಾಯಿತು. ಅವಳು ಅಂಗನವಾಡಿ ಟೀಚರಾಗಿದ್ದಾಳೆ ಎಂದು ಎರಡು ಸಾವಿರದ ಇಸವಿಯ ಆಚೆಗೆ ಯಾವಾಗಲೋ ಕೇಳಿದ್ದೆ. ಹೋಗಿ ನೋಡಬೇಕು ಎಂದುಕೊಂಡೆ. ಗುರುತು ಹಿಡಿಯದಿದ್ದರೆ, ಹಿಡಿದು ನಕ್ಕರೆ, ಎಂದು ಯೋಚಿಸುತ್ತ ಕೂತೆ. ವರ್ಷಗಳು ಹಾಗೇ ಹೋದವು.

ಇವತ್ತು ಅಡುಗೆಮನೆಯಿಂದ ಬಂದವನು ಧೈರ್ಯ ಮಾಡಿ ನರಸೀಪುರದಲ್ಲೇ ಉಳಿದಿರುವ ಹಳೆಯ ಸಹಪಾಠಿಗೆ ಫೋನ್ ಮಾಡಿದೆ. ಒಂದೇ ಒಂದು ಮಾತು ಅವಳನ್ನು ಕೇಳಬೇಕಿತ್ತು: ಆ ಮೊದಲ ನಗು ಎದ್ದಾಗ, ಮೈಕಿನ ಮುಂದೆ ಒಬ್ಬಳೇ ನಿಂತಿದ್ದಾಗ, ನಿನಗೂ ಭಯವಾಗಿತ್ತಾ?

“ಎಡಿಟ್ರಮ್ಮನ ನಂಬರ್ ಇದೆಯೇನೋ?” ಎಂದೆ.

ಆ ಕಡೆ ಟಿ.ವಿ.ಯ ಸದ್ದು ತಗ್ಗಿತು.

“ನಿಂಗೆ ಯಾರೂ ಏಳ್ನಿಲ್ವಾ? ಓದ್ ವರ್ಸನೇ ಓಗ್‌ಬುಟ್ಳು ಕಣೋ…”

ಆ ಮಾತಿನಲ್ಲಿ ತಿದ್ದುವಂಥದ್ದು ನನಗೆ ಏನೂ ಕಾಣಲಿಲ್ಲ.